ಕನ್ನಡಕಕ್ಕೆ ನಿವೃತ್ತಿ ಕೊಟ್ಟ ದಿನ

ಕಾಂಟ್ಯಾಕ್ಟ್ ಲೆನ್ಸ್ ಕೆಟ್ಟರೆ ಅದು ಲೆನ್ಸಿನ ತಪ್ಪಲ್ಲ, ಇಟ್ಟುಕೊಂಡವರ ತಪ್ಪು. ನನ್ನ ಕೈಗೆ ಬಂದ ಲೆನ್ಸಿಗೆ ಆ ಭಯವೇ ಇಲ್ಲ ಎಂದು ಹೆಂಡತಿಯ ಮುಂದೆ ಘೋಷಿಸಿದೆ. ಔಷಧಿ ಗೋದಾಮಿನಲ್ಲಿ ಅವಧಿ ಮುಗಿದ ಬಾಟಲಿಗಳನ್ನು ಹುಡುಕಿ ಆಚೆ ಹಾಕುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ. ಇರುವೆಯಂಥ ಅಕ್ಷರ ಓದಿ ಹೊಟ್ಟೆ ಹೊರೆಯುವ ಮನುಷ್ಯ ಕಣ್ಣಿನ ವಿಷಯದಲ್ಲಿ ಉಡಾಫೆ ಮಾಡುತ್ತಾನೆಯೇ?

"ನೋಡೋಣ," ಎಂದಳು ಆಕೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ಒಂದು ಪದಕ್ಕೆ ಹೆದರಿದಷ್ಟು ನಾನು ಬೇರೆ ಯಾವುದಕ್ಕೂ ಹೆದರಿಲ್ಲ.

ಮೊದಲ ದಿನ ಬೆಳಿಗ್ಗೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡೆ. ಕಣ್ಣಿನ ಡಾಕ್ಟರಮ್ಮ ಕೊಟ್ಟ ಚೀಟಿಯಲ್ಲಿ ಹನ್ನೊಂದು ನಿಯಮ, ಎಲ್ಲವೂ ಬಾಯಿಪಾಠ. ಸೋಪು ಹಚ್ಚಿ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿಕೊಂಡೆ. ಬಲಗಣ್ಣಿನ ಲೆನ್ಸ್ ಬಲಕ್ಕೆ, ಎಡಗಣ್ಣಿನದು ಎಡಕ್ಕೆ ಹಾಕಿಕೊಂಡೆ. ಲೆನ್ಸ್ ನೆನೆಸಿಡುವ ಡಬ್ಬಿಯ ಹಳೆ ಸೊಲ್ಯೂಷನ್ ಚೆಲ್ಲಿ, ಹೊಸ ಸೊಲ್ಯೂಷನ್‌ನಲ್ಲೇ ತೊಳೆದು, ಬೋರಲು ಹಾಕಿ ಒಣಗಲು ಇಟ್ಟೆ. ನಲ್ಲಿ ನೀರಿನ ಒಂದು ಹನಿಯನ್ನೂ ಹತ್ತಿರ ಸುಳಿಯಗೊಡಲಿಲ್ಲ. ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಬದಲಿಸಬೇಕಂತೆ. ಅದರ ಬೆನ್ನಿಗೆ ತಾರೀಕನ್ನೂ ಅಂಟಿಸಿದೆ. ಗೋದಾಮಿನವನಲ್ಲವೇ.

ಏನಾದರೂ ಬಿಟ್ಟುಹೋಗಿದೆಯೇ ಎಂದು ನಡುಮನೆಯಲ್ಲಿ ಕೂತು ಚೀಟಿ ಓದಲು ಹೊರಟೆ. ಅಕ್ಷರಗಳೆಲ್ಲ ಕಲಸಿಹೋಗಿದ್ದವು. ಗೋಡೆ ಗಡಿಯಾರ ನೋಡಿದರೆ ಮುಳ್ಳೇ ಇಲ್ಲ. ತಲೆ ಗಿರ್ರೆಂದಿತು. ಕಣ್ಣು ಹೋದರೆ ಕೆಲಸವೂ ಹೋಯಿತು! ನಾನಂತೂ ತಪ್ಪು ಮಾಡಿಲ್ಲ. ಅಂದಮೇಲೆ ಮನೆಯಲ್ಲಿ ಉಳಿದವರು ಒಬ್ಬರೇ.

"ನಿಜ ಹೇಳು, ಡಬ್ಬಿಗೆ ನಲ್ಲಿ ನೀರು ಹಾಕಿದ್ಯಾ?"

ಆಕೆ ಕೆಲಸಕ್ಕೆ ಹೊರಡುವ ಆತುರದಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. "ನಿಮ್ಮ ಡಬ್ಬಿ ಮುಟ್ಟೋದು ಬಿಟ್ಟು ನಂಗೆ ಬೇರೆ ಕೆಲಸ ಇಲ್ವಾ?"

"ಹಾಗಾದ್ರೆ ನಿನ್ನ ಮುಖ ಯಾಕೆ ಮಂಜಾಗಿದೆ?"

"ನನ್ನ ಮುಖ ಚೆನ್ನಾಗೇ ಇದೆ. ಲೆನ್ಸ್ ತೆಗೀರಿ ಮತ್ತೆ."

"ಅಯ್ಯೋ, ಬೇಡ. ಲೆನ್ಸ್ ಜೊತೆ ಕಣ್ಣೂ ಬಂದ್ಬಿಟ್ರೆ?"

ಆಕೆ ಬಾಚಣಿಗೆ ಕೆಳಗಿಟ್ಟು, ಆಫೀಸಿಗೆ ಫೋನ್ ಮಾಡಿ ಅರ್ಧ ದಿನ ರಜೆ ಹಾಕಿ, ನನ್ನ ತೋಳು ಹಿಡಿದು ಡಾಕ್ಟರಮ್ಮನ ಬಳಿಗೆ ಹೊರಡಿಸಿದಳು. ದಾರಿಯುದ್ದಕ್ಕೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎಲ್ಲಾ ನಿನ್ನಿಂದಲೇ ಎಂದು ಗೊಣಗಿದೆ. ಆಕೆ ಹೆಜ್ಜೆಯನ್ನು ಇನ್ನೂ ಚುರುಕುಗೊಳಿಸಿದಳು. ಅದೂ ಅಪರಾಧಿಯ ಲಕ್ಷಣವೇ ಎನಿಸಿತು.

ಡಾಕ್ಟರಮ್ಮ ನನ್ನ ಮುಖವನ್ನೇ ತುಸು ಹೊತ್ತು ನೋಡಿದರು. "ಯಾವಾಗಿಂದ ಮಂಜು?"

"ಹಾಕ್ಕೊಂಡಾಗ ಎಲ್ಲಾ ಚೆನ್ನಾಗಿತ್ತು ಡಾಕ್ಟ್ರೇ. ನಿಮ್ಮ ಚೀಟಿ ಓದೋಕೆ ಕೂತಾಗಿಂದ ಹೀಗೆ."

"ಕೂತು ಏನು ಮಾಡಿದ್ರಿ?"

"ಏನೂ ಇಲ್ಲ. ದಿನಾ ಮಾಡೋ ಹಾಗೆ ಕನ್ನಡಕ ಏರಿಸ್ಕೊಂಡೆ, ಚೀಟಿ..."

ಕೈ ತಾನಾಗಿ ಮೂಗಿನತ್ತ ಹೋಯಿತು; ಕನ್ನಡಕ ಅಲ್ಲೇ ಇತ್ತು. ಇಪ್ಪತ್ತು ವರ್ಷ ನನ್ನ ಮೂಗಿನ ಮೇಲೆ ಅದನ್ನು ನೋಡಿ ನೋಡಿ ಹೆಂಡತಿಯ ಕಣ್ಣಿಗೂ ಅದು ಬಿದ್ದಿರಲಿಲ್ಲ. ಡಾಕ್ಟರಮ್ಮ ಕೈಚಾಚಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈಗ?"

ಲೆನ್ಸು ನಿಜಕ್ಕೂ ಅದ್ಭುತ. ಎದುರಿಗೇ ಕೈಕಟ್ಟಿ ನಿಂತ ಹೆಂಡತಿಯ ಮುಖ ಗಂಟಿಕ್ಕಿದ ಹುಬ್ಬಿನ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಕಂಡಿತು.

ನಾನು ಮೆಲ್ಲಗೆ ಮೇಜಿನ ಮೇಲೆ ಕನ್ನಡಕಕ್ಕಾಗಿ ತಡಕಾಡಿದೆ.