ಅಕ್ಕನ ತಗಡಿನ ಬಾತುಕೋಳಿ

ಡಿಸೆಂಬರ್ ತಿಂಗಳು ಬಂತೆಂದರೆ ಗಡಿಯಾರ ರಿಪೇರಿಯ ಮುಳ್ಳಪ್ಪನವರ ಮುಖ ಸಣ್ಣಗಾಗುತ್ತಿತ್ತು. (ಮುಳ್ಳಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಡೀ ಬೀದಿಯ ಗಡಿಯಾರಗಳ ಮುಳ್ಳು ತಿರುಗಿಸಿ ತಿರುಗಿಸಿ ಸಂಪಾದಿಸಿದ ಬಿರುದು.) ಎದುರು ಅಂಗಡಿಯವರು ಬಣ್ಣದ ದೀಪ ಕಟ್ಟಲಿ, ಪಕ್ಕದ ಮನೆಯ ಮಕ್ಕಳು ಕಾಗದದ ನಕ್ಷತ್ರ ತೂಗುಹಾಕಲಿ, ಅವರಿಗೆ ಮಾತ್ರ ಹೊಟ್ಟೆಯಲ್ಲಿ ಏನೋ ತೊಳಸಿದ ಹಾಗೆ. ಅವರ ಹೆಂಡತಿ ಇದನ್ನು ಇಪ್ಪತ್ತೊಂಬತ್ತು ವರ್ಷಗಳಿಂದ ಅಜೀರ್ಣವೆಂದೇ ತಿಳಿದು, ಪ್ರತಿ ಕ್ರಿಸ್‌ಮಸ್‌ಗೂ ಕೇಕಿನಲ್ಲಿ ಗಂಡನ ಪಾಲನ್ನು ಅರ್ಧ ಮಾಡುತ್ತ ಬಂದಿದ್ದಳು. ಅದು ಅಜೀರ್ಣವಾಗಿರಲಿಲ್ಲ, ಅಪರಾಧವಾಗಿತ್ತು. ಅರ್ಧ ಶತಮಾನ ಹಳೆಯದು, ಒಂದು ಬಾತುಕೋಳಿಗೆ ಸಂಬಂಧಪಟ್ಟದ್ದು.

ಆಗ ಅವರಿಗೆ ಎಂಟು ವರ್ಷ, ಮನೆಯಲ್ಲಿ ಬರೀ ಪುಟ್ಟ. ಅಕ್ಕನಿಗೆ ಹನ್ನೊಂದು. ವರ್ಷವೆಲ್ಲ ಅವರ ಆಟದ ಸಾಮಾನೆಂದರೆ ಸೈಕಲ್ಲಿನ ಹಳೇ ಟೈರು, ಬೆಂಕಿಪೊಟ್ಟಣ ಪೋಣಿಸಿದ ರೈಲು, ಮೊಳೆ ಸಡಿಲವಾದ ಒಂದು ಬುಗುರಿ. ಅಂಗಡಿಯಿಂದ ಆಟಿಕೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಕ್ರಿಸ್‌ಮಸ್‌ಗೆ ಮಾತ್ರ. ಅಪ್ಪ ತರುತ್ತಿದ್ದರು, ಅಮ್ಮ ಕಾಗದ ಸುತ್ತಿ ದಾರ ಕಟ್ಟಿ ಬೀರುವಿನ ಮೇಲಿಡುತ್ತಿದ್ದಳು. ಅಲ್ಲಿಂದ ಮುಂದೆ ಅಕ್ಕ ತಮ್ಮ ಇಬ್ಬರಿಗೂ ಆ ಬೀರುವಿನ ಮುಂದೆ ಎಲ್ಲಿಲ್ಲದ ಕೆಲಸ. ಪೆನ್ಸಿಲ್ ಹುಡುಕುವ ನೆಪದಲ್ಲಿ ಬರುವುದು, ಕತ್ತೆತ್ತಿ ನೋಡುವುದು, ಪೊಟ್ಟಣದ ಆಕಾರದಿಂದಲೇ ಒಳಗೇನಿದೆಯೆಂದು ಪಂದ್ಯ ಕಟ್ಟುವುದು. ಅಷ್ಟೊಂದು ಸಂತೋಷ ಮುಂದೆ ಯಾವ ಪೊಟ್ಟಣದಿಂದಲೂ ಮುಳ್ಳಪ್ಪನವರಿಗೆ ಸಿಗಲಿಲ್ಲ.

ಆ ವರ್ಷ ಹಬ್ಬಕ್ಕೆ ಮೂರು ದಿನ ಇರುವಾಗ, ಅಮ್ಮ ಪಕ್ಕದ ಮನೆಗೆ ಹೋದ ಹೊತ್ತು ನೋಡಿ, ಪುಟ್ಟ ಕುರ್ಚಿಯ ಮೇಲೆ ಸ್ಟೂಲು ಹೇರಿ ಬೀರುವನ್ನು ಹತ್ತಿದ. ತನ್ನ ಪೊಟ್ಟಣ ಅಲುಗಾಡಿಸಿದರೆ ಗೋಲಿಗಳೆಂದು ಸದ್ದಿನಲ್ಲೇ ತಿಳಿಯಿತು. ಅಕ್ಕನದು ತಿಳಿಯಲಿಲ್ಲ. ಬಿಚ್ಚಿದ. ತಗಡಿನ ಬಾತುಕೋಳಿ. ಹಳದಿ ಮೈ, ಕೆಂಪು ಟೋಪಿ, ಪಕ್ಕೆಯಲ್ಲೊಂದು ಕೀ. ಒಂದೇ ಒಂದು ಸಲ ನಡೆಸಿ ನೋಡೋಣವೆಂದು ಕೀ ಕೊಟ್ಟ. ಹತ್ತು ಸುತ್ತು ಕೊಟ್ಟ, ಇಪ್ಪತ್ತು ಕೊಟ್ಟ. ಕೀ ಸಲೀಸಾಗಿ ಗರಗರನೆ ತಿರುಗಿತೇ ಹೊರತು ಬಾತುಕೋಳಿ ಕದಲಲಿಲ್ಲ. ಕೆಡಿಸಿಬಿಟ್ಟೆ ಎಂದು ಅವನ ಎದೆ ಧಸಕ್ಕೆಂದಿತು. ಮೊದಲಿದ್ದಂತೆಯೇ ಕಾಗದ ಸುತ್ತಿ, ದಾರಕ್ಕೆ ಗಂಟು ಹಾಕಿ, ಮೇಲಿಟ್ಟು ಇಳಿದ.

ಕ್ರಿಸ್‌ಮಸ್ ಬೆಳಿಗ್ಗೆ ಅಕ್ಕ ಪೊಟ್ಟಣ ಬಿಚ್ಚಿದಳು, ಕೀ ಕೊಟ್ಟಳು, ಬಿಕ್ಕಿ ಬಿಕ್ಕಿ ಅತ್ತಳು. ಮಾರನೆಯ ದಿನ ಅಪ್ಪ ಬಾತುಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಆಟಿಕೆ ಅಂಗಡಿಗೆ ದಂಡೆತ್ತಿ ಹೋದರು. "ನಿಮ್ಮ ಕಣ್ಣೆದುರಿಗೇ ನಡೆಸಿ ತೋರಿಸಿದ್ದೆನಲ್ಲ ಸ್ವಾಮಿ" ಎಂದು ಅಂಗಡಿಯವನು ಎಷ್ಟು ಹೇಳಿದರೂ ಕೇಳದೆ ಜಗಳವಾಡಿ ಬಂದರು. ಅಂದಿನಿಂದ ಕೊನೆಯುಸಿರಿನವರೆಗೆ ಆ ಬೀದಿ ತುಳಿಯಲಿಲ್ಲ. ಕ್ಷೌರಕ್ಕೆ ಹೋಗಲೂ ಮೂರು ಬೀದಿ ಸುತ್ತಿ ಹೋಗುತ್ತಿದ್ದರು. ಜಗಳದ ಆ ದಿನ ಪುಟ್ಟ ಮಾತ್ರ ಮಂಚದ ಕೆಳಗೆ ಹೊಸ ಗೋಲಿಗಳನ್ನು ಮುಷ್ಟಿಯಲ್ಲಿ ಹಿಡಿದು ಬಾಯಿ ಹೊಲಿದುಕೊಂಡು ಕುಳಿತಿದ್ದ. ಮುಂದೆ ಹದಿನೈದನೇ ವಯಸ್ಸಿಗೆ ಗಡಿಯಾರದ ಕೆಲಸ ಕಲಿಯುತ್ತೇನೆಂದಾಗ ಎಲ್ಲರೂ ಅದನ್ನು ಆಸಕ್ತಿ ಎಂದುಕೊಂಡರು. ಅದು ಪ್ರಾಯಶ್ಚಿತ್ತವೆಂದು ಯಾರಿಗೂ ಹೊಳೆಯಲಿಲ್ಲ.

ಅಕ್ಕ ಆ ಮೂಕ ಬಾತುಕೋಳಿಯನ್ನು ಎಸೆಯಲಿಲ್ಲ. ಗಂಡನ ಮನೆಗೂ ಒಯ್ದು ಷೋಕೇಸಿನಲ್ಲಿಟ್ಟಳು. "ಅಪ್ಪ ನನಗೆ ಅಂತ ತಂದ ಕೊನೇ ಆಟಿಕೆ. ನಡೀದಿದ್ರೆ ಏನಂತೆ" ಎಂದು ಹೋದ ವರ್ಷ ಅವಳು ಹೇಳಿದಾಗ ಮುಳ್ಳಪ್ಪನವರು ತಲೆಯೆತ್ತಿ ಅವಳನ್ನು ನೋಡಿದರು. ಅಕ್ಕನಿಗೂ ತಲೆ ನರೆತಿದೆ. ಇನ್ನು ಮುಚ್ಚಿಟ್ಟರೆ ಈ ಜನ್ಮದಲ್ಲಿ ಹೇಳುವುದಿಲ್ಲವೆಂದು ಹೆದರಿಕೆಯಾಯಿತು. ಬಾತುಕೋಳಿಯನ್ನು ನಡೆಸಿ, ಅಕ್ಕನ ಕೈಗಿಟ್ಟು, ತಪ್ಪೊಪ್ಪಿಕೊಳ್ಳಲೇಬೇಕೆಂದು ನಿಶ್ಚಯಿಸಿದರು.

ಈ ವರ್ಷ ಡಿಸೆಂಬರ್ ಮೊದಲ ವಾರ, ಗೋಡೆ ಗಡಿಯಾರಕ್ಕೆ ಎಣ್ಣೆ ಬಿಡುವ ನೆಪದಲ್ಲಿ ಅಕ್ಕನ ಮನೆಗೆ ಹೋದವರು, ಬರುವಾಗ ಊಟದ ಚೀಲದಲ್ಲಿ ಬಾತುಕೋಳಿಯನ್ನು ಅಪಹರಿಸಿ ತಂದರು. ಅಂಗಡಿಯಲ್ಲಿ ಭೂತಗನ್ನಡಿ ಕಣ್ಣಿಗೇರಿಸಿ ಅದರ ಹೊಟ್ಟೆ ಬಿಚ್ಚಿದರೆ ಸ್ಪ್ರಿಂಗು ಎರಡು ತುಂಡು. ಅಲಾರಂ ಗಡಿಯಾರದ ಸ್ಪ್ರಿಂಗು ಕತ್ತರಿಸಿ ಕೂರಿಸಿದರು. ಒಂದೇ ಒಂದು ವಿಷಯ ಅವರನ್ನು ಕೊರೆಯಿತು. ಸ್ಪ್ರಿಂಗು ಮುರಿಯುವಾಗ ಫಟ್ ಎಂದು ಸದ್ದಾಗಬೇಕು. ಅಂಥ ಸದ್ದು ಕೇಳಿದ ನೆನಪೇ ಅವರಿಗಿಲ್ಲ. ಹೆದರಿಕೆಯಲ್ಲಿ ಕಿವಿ ಮುಚ್ಚಿರಬೇಕೆಂದುಕೊಂಡು ಬಾತುಕೋಳಿಯನ್ನು ಮೇಜಿನ ಮೇಲೆ ಬಿಟ್ಟರು. ಅದು ಗಿರಾಕಿಗಳ ವಾಚುಗಳ ನಡುವೆ ಅತ್ತಿತ್ತ ವಾಲಾಡುತ್ತ ನಡೆಯಿತು. ಪರೀಕ್ಷೆಗಾಗಿ ಮತ್ತೊಮ್ಮೆ ನಡೆಸಿದರು. (ಈ ಪರೀಕ್ಷೆ ನಾಲ್ಕು ದಿನ ನಡೆಯಿತು.)

ಐದನೆಯ ದಿನ ಮನೆಯಲ್ಲಿ ವಿಚಾರಣೆ ಶುರುವಾಯಿತು.

"ರೀ, ಅತ್ತಿಗೆ ಫೋನ್ ಮಾಡಿದ್ರು. ಅವರ ಷೋಕೇಸಲ್ಲಿದ್ದ ಬಾತುಕೋಳಿ ಕಾಣ್ತಿಲ್ವಂತೆ."

"ಹಾರಿಹೋಗಿರಬೇಕು."

"ತಗಡಿಂದು ಹಾರುತ್ತಾ?"

"ಹಾಗಾದ್ರೆ ಎಲ್ಲಿಗೋ ನಡ್ಕೊಂಡು ಹೋಗಿರುತ್ತೆ."

"ಐವತ್ತು ವರ್ಷದಿಂದ ನಡೀದೇ ಇದ್ದದ್ದು, ನೀವು ಹೋಗಿ ಬಂದ ದಿನಾನೇ ನಡೀತಾ? ನಿಮ್ಮ ಊಟದ ಚೀಲದಲ್ಲಿ ಹಳದಿ ಬಣ್ಣದ ಚಕ್ಕೆ ಯಾಕಿದೆ, ಅದನ್ನ ಮೊದಲು ಹೇಳಿ."

ಮುಳ್ಳಪ್ಪನವರು ಕುರ್ಚಿಯಲ್ಲಿ ಕುಸಿದು ಎಲ್ಲವನ್ನೂ ಹೇಳಿದರು. ಮದುವೆಯಾದ ಮೇಲೆ ಮೊದಲ ಸಲ ಹೃದಯ ತೆರೆದಿಟ್ಟಿದ್ದೇನೆ, ಇವಳ ಕಣ್ಣಲ್ಲಿ ನೀರು ಬರುತ್ತದೆ ಎಂದು ಕಾದರು.

"ಅಂದ್ರೆ ಅಜೀರ್ಣ ಅಲ್ವಾ?" ಎಂದಳು ಹೆಂಡತಿ. "ಇಷ್ಟು ವರ್ಷ ಸುಮ್‌ಸುಮ್ನೆ ನಿಮಗೆ ಅರ್ಧ ಕೇಕು ಕೊಟ್ನಾ?"

ಕ್ರಿಸ್‌ಮಸ್ ಬೆಳಿಗ್ಗೆ ಅಕ್ಕ ಬಂದಳು. ಎಂಬತ್ತಮೂರು ವರ್ಷದ ಅಮ್ಮ ಬೆತ್ತದ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತಿದ್ದಳು. ಮುಳ್ಳಪ್ಪನವರು ಪೊಟ್ಟಣವನ್ನು ಅಕ್ಕನ ಮುಂದಿಟ್ಟು, ರಿಪೇರಿ ರಸೀತಿಯ ಹಿಂಬದಿಯಲ್ಲಿ ಬರೆದುಕೊಂಡಿದ್ದ ಭಾಷಣವನ್ನು ಜೇಬಿನಿಂದ ತೆಗೆದರು. 'ಅರಿಯದ ವಯಸ್ಸಿನಲ್ಲಿ ನನ್ನಿಂದ ಒಂದು ಘೋರ ಕೃತ್ಯ ನಡೆದುಹೋಯಿತು' ಎಂದು ಅದು ಶುರುವಾಗುತ್ತಿತ್ತು. ಅಷ್ಟರಲ್ಲಿ ಅಕ್ಕ ದಾರ ಬಿಚ್ಚಿ, ಕೀ ಕೊಟ್ಟೂ ಆಗಿತ್ತು. ಬಾತುಕೋಳಿ ಮೇಜಿನ ಉದ್ದಕ್ಕೂ ನಡೆದು ಕೇಕಿನ ತಟ್ಟೆಗೆ ಮೂತಿ ತಾಗಿಸಿ ನಿಂತಿತು. ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಅಕ್ಕ, ಅವತ್ತು ಅದನ್ನ ಕೆಡಿಸಿದ್ದು ನಾನು" ಎಂದರು ಮುಳ್ಳಪ್ಪನವರು. ಭಾಷಣ ಮರೆತೇಹೋಗಿತ್ತು.

"ನೀನ್ಯಾಕೋ ಕೆಡಿಸ್ತೀಯ ಪುಟ್ಟ? ಕೆಡಿಸಿದ್ದು ನಾನು."

"ಇಲ್ಲ, ಹಬ್ಬಕ್ಕೆ ಮೂರು ದಿನ ಇರೋವಾಗ ನಾನು ಬೀರು ಹತ್ತಿ..."

"ನಾನು ನಾಲ್ಕು ದಿನ ಇರೋವಾಗಲೇ ಹತ್ತಿದ್ದೆ. ಅವತ್ತು ಅತ್ತಿದ್ದು ದುಃಖಕ್ಕಲ್ಲ ಕಣೋ, ಅಪ್ಪನಿಗೆ ಗೊತ್ತಾಗುತ್ತೆ ಅನ್ನೋ ಭಯಕ್ಕೆ."

"ನಾನು ಇಪ್ಪತ್ತು ಸುತ್ತು ಕೊಟ್ಟಿದೀನಿ."

"ನಾನು ಮೂವತ್ತು ಕೊಟ್ಟೆ. ಈಗೇನು?"

ಚಿಕ್ಕಂದಿನಲ್ಲಿ ಆಟಿಕೆಗಾಗಿ ಕಿತ್ತಾಡುತ್ತಿದ್ದವರು ಈಗ ತಪ್ಪಿಗಾಗಿ ಕಿತ್ತಾಡತೊಡಗಿದರು. ಇಬ್ಬರಲ್ಲಿ ಯಾರೂ ಬಿಟ್ಟುಕೊಡಲು ಸಿದ್ಧರಿಲ್ಲ. ಇದ್ದಕ್ಕಿದ್ದಂತೆ ಮುಳ್ಳಪ್ಪನವರೊಳಗಿನ ಗಡಿಯಾರ ರಿಪೇರಿಯವ ಎಚ್ಚರಗೊಂಡ.

"ಅಕ್ಕ, ನೀನು ಕೀ ಕೊಟ್ಟಾಗ ಫಟ್ ಅಂತ ಸದ್ದು ಬಂತಾ?"

"ಇಲ್ವಲ್ಲ. ಬರಬೇಕಿತ್ತಾ?"

"ಬಂತು" ಎಂದಿತು ಬೆತ್ತದ ಕುರ್ಚಿ. "ಜೋರಾಗೇ ಬಂತು."

ಎಲ್ಲರೂ ಅಮ್ಮನ ಕಡೆ ತಿರುಗಿದರು. ಅಮ್ಮ ಮಾತ್ರ ಬಾತುಕೋಳಿಯನ್ನೇ ನೋಡುತ್ತಿದ್ದಳು.

"ನೀವಿಬ್ರೂ ಸ್ಕೂಲಿಗೆ ಹೋಗಿದ್ರಿ. ಕಾಗದ ಸುತ್ತೋಕೆ ಮುಂಚೆ ಒಂದ್ಸಲ ನೋಡೋಣ ಅನ್ನಿಸ್ತು. ನಾನು ಮಗುವಾಗಿದ್ದಾಗ ನನಗೆ ಯಾರೂ ಒಂದು ಆಟದ ಸಾಮಾನು ಅಂತ ಕೊಡಿಸಿರಲಿಲ್ಲ. ಎಷ್ಟು ಚೆನ್ನಾಗಿ ನಡೀತಿತ್ತು ಅಂತೀರಿ. ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಮಧ್ಯಾಹ್ನವೆಲ್ಲ ಅದರ ಹಿಂದೆನೇ ಓಡಾಡ್ದೆ. ಒಲೆ ಮೇಲಿದ್ದದ್ದು ಸೀದುಹೋಯ್ತು. ಆಮೇಲೆ ಇದು ಫಟ್ ಅಂತು."

"ಮತ್ತೆ ನಾವು ಬಿಚ್ಚಿ ನೋಡಿದ್ದು?" ಎಂದಳು ಅಕ್ಕ.

"ನಾನು ಹಾಕಿದ ಗಂಟು ನನಗೆ ಗೊತ್ತಿಲ್ವಾ? ದಿನಕ್ಕೊಂದು ತರ ಆಗ್ತಿತ್ತು. ಬೈಯೋಕೆ ನನಗೆ ಬಾಯಿ ಎಲ್ಲಿತ್ತು? ನಿಮ್ಮಪ್ಪ ಆ ಬೀದಿ ಬಿಟ್ಟು ಸುತ್ತಿಕೊಂಡು ಹೋಗೋವಾಗೆಲ್ಲ ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೋತಿದ್ದೆ. ಹೇಳೋಕೇ ಆಗ್ಲಿಲ್ಲ."

ಮುಳ್ಳಪ್ಪನವರಿಗೆ ಮೈ ಹಗುರಾಯಿತು, ಜೊತೆಗೆ ಸ್ವಲ್ಪ ಮೋಸಹೋದ ಹಾಗೂ ಆಯಿತು. ಐವತ್ತು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ ಅಪರಾಧ, ಅದಕ್ಕಾಗಿ ಹಿಡಿದ ಕಸುಬು, ಕಳೆದುಕೊಂಡ ಕೇಕು, ಎಲ್ಲ ಬೇರೆಯವರದಾಗಿತ್ತು. ಆದರೆ ಮಡಿಲಲ್ಲಿ ಒಂದನ್ನೊಂದು ಹಿಸುಕಿಕೊಳ್ಳುತ್ತಿದ್ದ ಅಮ್ಮನ ಬೆರಳುಗಳನ್ನು ನೋಡಿ ಅವರಿಗೆ ಕರುಳು ಚುರುಕ್ಕೆಂದಿತು. ಬಾತುಕೋಳಿಯನ್ನು ತಂದು ಆ ಕೈಗಳಲ್ಲಿಟ್ಟರು.

"ಕೀ ಕೊಡಮ್ಮ."

"ಬೇಡ ಕಣೋ, ಕೆಟ್ಟುಹೋದೀತು."

"ನಾನಿಲ್ವಾ?"

ಅಮ್ಮ ಮೆಲ್ಲಗೆ ಕೀ ಕೊಟ್ಟಳು. ಅಕ್ಕ ಬಾತುಕೋಳಿಯನ್ನು ನೆಲಕ್ಕಿಳಿಸಿದಳು. ಅದು ಅತ್ತಿತ್ತ ವಾಲಾಡುತ್ತ ಅಡುಗೆಮನೆಯ ಬಾಗಿಲವರೆಗೆ ಹೋಯಿತು, ಅಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. ಇನ್ನೊಂದ್ಸಲ ಎಂದಳು. ಮತ್ತೆ ಇನ್ನೊಂದ್ಸಲ ಎಂದಳು. ಐದನೆಯ ಸಲ ಕೀ ಕೊಡುತ್ತಿರುವಾಗ ಅವಳ ಕೈಯೊಳಗೆ ಫಟ್ ಎಂದಿತು.

ಅಮ್ಮನ ಮುಖ ಬಿಳಿಚಿಕೊಂಡಿತು. ಮಂಚದ ಕೆಳಗೆ ಕುಳಿತಿದ್ದ ಪುಟ್ಟನ ಮುಖ ಅಂದು ಹೀಗೆಯೇ ಇದ್ದಿರಬೇಕು.

"ನಾನೇ" ಎಂದರು ಮುಳ್ಳಪ್ಪನವರು ತಡಮಾಡದೆ. "ಅಂಗಡೀಲಿ ನಾಲ್ಕು ದಿನ ಬೇಕಾಬಿಟ್ಟಿ ಆಡಿಸಿದ್ದೆ. ಸ್ಪ್ರಿಂಗು ಆಗಲೇ ಸೋತಿತ್ತು. ಇದು ನೂರಕ್ಕೆ ನೂರು ನಂದೇ ತಪ್ಪು."

ನಡುವೆ ಬಾಯಿ ಹಾಕಲು ಹೊರಟ ಅಕ್ಕನನ್ನು ಅವರು ಕಣ್ಣಲ್ಲೇ ಗದರಿಸಿ ಕೂರಿಸಿದರು.

"ನಿಜವಾಗ್ಲೂ ನೀನೇನಾ?" ಎಂದಳು ಅಮ್ಮ.

"ನಾನೇ ಅಮ್ಮ."

ಅಮ್ಮ ಒಂದು ದೊಡ್ಡ ಉಸಿರು ಬಿಟ್ಟು, "ಚಿಕ್ಕಂದಿನಿಂದಲೂ ನಿನ್ನ ಕೈ ಸುಮ್ಮನಿರೋದಿಲ್ಲ" ಎಂದು ಮಗನನ್ನು ಗದರಿಸಿದಳು. ಹೆಂಡತಿ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಈ ಸಲ ಇಡಿಯಾಗಿ ಬಡಿಸಿದ್ದ ಅವರ ಕೇಕನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿ, ಒಂದು ತುಂಡನ್ನು ಅತ್ತೆಯ ತಟ್ಟೆಗೆ ಹಾಕಿದಳು. ಉಳಿದರ್ಧವನ್ನು ಮುಳ್ಳಪ್ಪನವರು ಒಂದು ಚೂರೂ ಬಿಡದೆ ತಿಂದರು.