ಒಂದೇ ಸಲ ಕೇಳಿ ಫೋನಿಟ್ಟ ಹಡಗು ಕಂಪನಿಯವರಿಗೆ

ಕೋಣೆ ಹಂಚಿಕೆ ವಿಭಾಗದ ಮುಖ್ಯಸ್ಥರಿಗೆ,
ನೀಲಿ ಪೆಲಿಕನ್ ವಿಹಾರ ನೌಕಾ ಕಂಪನಿ, ಫ್ಲಾರಿಡಾ

ಮಾನ್ಯರೇ,

ಮಿನೆಸೋಟಾದ ಉತ್ತರ ತುದಿಯಿಂದ, ಮಾರ್ಚ್ ತಿಂಗಳಾದರೂ ಎರಡಡಿ ದಪ್ಪದ ಮಂಜುಗಡ್ಡೆಯ ಮೇಲೆ ಜನ ಗಾಡಿ ನಿಲ್ಲಿಸಿಕೊಂಡು ತೂತು ಕೊರೆದು ಮೀನು ಹಿಡಿಯುತ್ತಿರುವ ಸರೋವರವೊಂದರ ದಂಡೆಯಿಂದ, ಆರ್ಡಿಸ್ ಟ್ವೇಟ್ ಎಂಬ ಅರವತ್ತಾರು ವರ್ಷದ ಅವಿವಾಹಿತೆ ಮಾಡುವ ಅನಂತ ವಂದನೆಗಳು. ತಾವೂ ತಮ್ಮ ಹಡಗುಗಳೂ ಅವುಗಳ ಮೇಲಿನ ಐಸ್‌ಕ್ರೀಂ ಯಂತ್ರಗಳೂ ಸುಖವಾಗಿರುವಿರೆಂದು ನಂಬಿದ್ದೇನೆ. ಇದನ್ನು ದೂರು ಎಂದು ತಾವು ದಯವಿಟ್ಟು ಭಾವಿಸಬಾರದು. ನಮ್ಮ ಕಡೆ ಯಾರೂ ದೂರು ಹೇಳುವುದಿಲ್ಲ. ಮನೆಗೆ ಬೆಂಕಿ ಬಿದ್ದರೆ "ಇವತ್ತು ಸ್ವಲ್ಪ ಸೆಕೆ ಜಾಸ್ತಿ" ಅನ್ನುತ್ತೇವೆ, ಅಷ್ಟೇ. ತಮಗೆ ನೇರವಾಗಿ ಬರೆದ ಮೂರು ಪತ್ರಗಳಿಗೂ "ನಿಮ್ಮ ಅನಿಸಿಕೆ ನಮಗೆ ಅಮೂಲ್ಯ" ಎಂಬ ಒಂದೇ ಉತ್ತರ, ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲದೆ ಬಂದದ್ದರಿಂದ, ಇಷ್ಟು ಅಮೂಲ್ಯವಾದದ್ದನ್ನು ನಾಲ್ಕು ಜನ ನೋಡಲಿ ಎಂದು ಈ ಸಲ ಪತ್ರಿಕೆಗೆ ಕೊಡುತ್ತಿದ್ದೇನೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ನಮ್ಮೂರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿದವಳು ನಾನು. ಅಡುಗೆಮನೆ ಇದ್ದದ್ದು ನೆಲಮಾಳಿಗೆಯಲ್ಲಿ, ಅದಕ್ಕೆ ಕಿಟಕಿ ಇರಲಿಲ್ಲ. ಹೊರಗೆ ಬಿಸಿಲೋ ಹಿಮವೋ ಎಂಬುದನ್ನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಕ್ಕಳ ಬೂಟು ನೋಡಿ ತಿಳಿದುಕೊಳ್ಳುತ್ತಿದ್ದೆ. ಕಳೆದ ಜೂನ್‌ನಲ್ಲಿ ನಿವೃತ್ತಳಾದಾಗ ನನಗಿದ್ದ ಆಸೆ ಒಂದೇ: ಒಂದು ವಾರದ ಮಟ್ಟಿಗೆ, ಬೆಳಿಗ್ಗೆ ಹಾಸಿಗೆಯಲ್ಲೇ ಕಣ್ಣು ಬಿಟ್ಟರೆ ಎದುರಿಗೆ ನೀರು ಕಾಣಬೇಕು, ಅದೂ ಅಲುಗಾಡುವ ನೀರು. ಇದಕ್ಕಿಂತ ದೊಡ್ಡದೇನನ್ನೂ ನಾನು ಯಾರ ಹತ್ತಿರವೂ ಬಯಸಿದವಳಲ್ಲ.

ಅದಕ್ಕಾಗಿ ತಮ್ಮ ಹಡಗಿನ ನಕ್ಷೆಯನ್ನು ಗ್ರಂಥಾಲಯದಲ್ಲಿ ಮುದ್ರಿಸಿ ತಂದು, ಒಂಬತ್ತು ಹಾಳೆ ಅಂಟಿಸಿ ಊಟದ ಮೇಜಿನ ಮೇಲೆ ಹರಡಿಕೊಂಡು, ಬಣ್ಣದ ಪೆನ್ಸಿಲ್ ಹಿಡಿದು ಡಿಸೆಂಬರ್ ತಿಂಗಳಿಡೀ ಕೂತೆ. ಕುಣಿಯುವ ಸಭಾಂಗಣದ ಕೆಳಗಿರುವ ಕೋಣೆಗಳಿಗೆ ಕೆಂಪು, ಲಂಗರಿನ ಸರಪಳಿ ಗಡಗಡ ಅನ್ನುವ ಕಡೆಯವಕ್ಕೂ ಕೆಂಪು, ಲಿಫ್ಟಿನ ಪಕ್ಕದವಕ್ಕೆ ಕಿತ್ತಳೆ. ಅಡುಗೆಮನೆಯ ನೆತ್ತಿಯ ಮೇಲಿನವನ್ನು ಕಪ್ಪು ಬಳಿದು ಅಳಿಸಿಯೇಬಿಟ್ಟೆ, ಏಕೆಂದರೆ ಬೇಯುವ ಆಲೂಗಡ್ಡೆಯ ವಾಸನೆಯಲ್ಲಿ ನಾನು ಬೇಕಾದಷ್ಟು ಬಾಳಿದ್ದೇನೆ. ಇಷ್ಟೆಲ್ಲ ಜಾಲಿಸಿದ ಮೇಲೆ ಹಸಿರು ಬಣ್ಣಕ್ಕೆ ಅರ್ಹವಾಗಿ ಉಳಿದದ್ದು ಎಂಟನೇ ಅಂತಸ್ತಿನ ೮೧೧೬. ಸಣ್ಣ ಬಾಲ್ಕನಿ, ಎರಡು ಕುರ್ಚಿ, ಎದುರಿಗೆ ಸಮುದ್ರ. ಗಂಡು ನೋಡುವವರೂ ಇಷ್ಟು ವಿಚಾರಿಸಿರಲಾರರು.

ಆದರೆ ತಮ್ಮ ಕಂಪ್ಯೂಟರಿನ ವಿವೇಕವನ್ನು ಎಷ್ಟು ಹೊಗಳಿದರೂ ಸಾಲದು. ಪ್ರಯಾಣಿಕರು ಎಷ್ಟು ಜನ ಎಂದದ್ದಕ್ಕೆ 'ಇಬ್ಬರು' ಎಂದು ಒತ್ತಿದರೆ ೮೧೧೬ ಮಿಣಮಿಣ ಹೊಳೆಯುತ್ತಿತ್ತು. 'ಒಬ್ಬರು' ಎಂದು ಒತ್ತಿದ ತಕ್ಷಣ, ಸೂತಕದ ಮನೆಯ ದೀಪದಂತೆ ಆರಿಹೋಗುತ್ತಿತ್ತು. ಬಾರದೇ ಇರುವ ಇನ್ನೊಬ್ಬರ ಹಣವನ್ನೂ ನಾನೇ ಕಟ್ಟಿದರೆ ಮಾತ್ರ ಒಬ್ಬಳಿಗೆ ಸಮುದ್ರ ತೋರಿಸುವುದಾಗಿ ಅದು ತಿಳಿಸಿತು. ಅಷ್ಟು ಶಕ್ತಿ ನನಗಿರಲಿಲ್ಲ. ಗಂಡನ ಜೊತೆ ಮೂರು ಸಲ ಹಡಗು ಹತ್ತಿ ಬಂದ ನನ್ನ ಗೆಳತಿ ಬರ್ನೆಟ್ ನಕ್ಷೆಯ ಮೇಲೆ ಕಾಫಿ ಲೋಟ ಇಟ್ಟು, "ಒಬ್ಳೇ ತಾನೆ ಕಣೇ, ಮಲಗೋಕೆ ಕಿಟಕಿ ಯಾಕೆ ನಿಂಗೆ? ಒಳಗಿನ ರೂಮ್ ತಗೊಂಡು ತೆಪ್ಪಗೆ ಬಿದ್ಕೋ" ಎಂದು ಸಮಾಧಾನ ಹೇಳಿದಳು. ಒಂಟಿ ಹೆಂಗಸಿನ ಕಣ್ಣು ಹಗಲಿಗಿಂತ ಕತ್ತಲೆಗೇ ಹೆಚ್ಚು ಒಗ್ಗುತ್ತದೆ ಎಂಬುದು ತಮ್ಮ ಕಂಪನಿಯ ಅಭಿಪ್ರಾಯವೂ ಆಗಿರುವಂತಿದೆ. ನಾನು ಒಳಗಿನ ಕೋಣೆಯನ್ನೇ ಹಿಡಿದೆ.

ಇನ್ನು ಮುಖ್ಯ ವಿಷಯ. ಜನವರಿ ಕೊನೆಯ ಮಂಗಳವಾರ, ಒಲೆಯಲ್ಲಿ 'ನಿಂಬೆ ಬಾರು' ಎಂಬ ಚೌಕದ ಸಿಹಿತಿಂಡಿಯ ತಟ್ಟೆ ಇಟ್ಟಿದ್ದಾಗ, ತಮ್ಮ ಕಚೇರಿಯ ಬ್ರೈಸ್ ಎಂಬ ಸಜ್ಜನರು ಫೋನ್ ಮಾಡಿದರು. "ಮೇಡಂ, ಗುಡ್ ನ್ಯೂಸ್! ಎಂಟನೇ ಫ್ಲೋರಲ್ಲಿ ಒಂದು ಬಾಲ್ಕನಿ ರೂಮ್ ಕ್ಯಾನ್ಸಲ್ ಆಗಿದೆ, ೮೧೧೬. ನೀವು ಕೊಟ್ಟಿರೋ ದುಡ್ಡಲ್ಲೇ ಕೊಡ್ತೀವಿ. ಬೇಕಾ?" ಎಂದರು. ನಾನು ಹಸಿರು ಬಳಿದಿದ್ದ ಅದೇ ಕೋಣೆ. ಆದರೂ ಮರ್ಯಾದಸ್ಥರ ಮನೆಯಲ್ಲಿ ಬೆಳೆದವಳಾದ್ದರಿಂದ, "ಅಯ್ಯೋ, ನಂಗ್ಯಾಕಪ್ಪಾ ಅಷ್ಟೆಲ್ಲ? ಬೇರೆ ಯಾರಿಗಾದ್ರೂ ಕೊಡಿ" ಎಂದು ಹೇಳಿ, ಎರಡನೇ ಸಲ ಕೇಳಿಸಿಕೊಳ್ಳಲು ಅನುಕೂಲವಾಗಲಿ ಎಂದು ಕುರ್ಚಿ ಎಳೆದುಕೊಂಡು ಕೂತೆ.

"ಸರಿ ಮೇಡಂ, ನಿಮ್ಮಿಷ್ಟ. ಇಡ್ತೀನಿ" ಎಂದರು ಬ್ರೈಸ್. ಇಟ್ಟೇಬಿಟ್ಟರು. ಬಾರುಗಳ ಅಂಚು ಸೀಯುವವರೆಗೂ ನಾನು ಫೋನ್ ಹಿಡಿದುಕೊಂಡೇ ಇದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಮಾತು ನಾನು ಅಡುಗೆಯವಳಾಗಿ ಬಹಳ ಸಲ ಕೇಳಿದ್ದೆ, ಅನುಭವಿಸಿದ್ದು ಅಂದೇ.

ಬ್ರೈಸ್ ಅವರನ್ನು ದೂಷಿಸುವ ಉದ್ದೇಶ ನನಗೆ ಖಂಡಿತ ಇಲ್ಲ. ಅವರ ಊರಿನಲ್ಲಿ ಬೇಡ ಎಂದರೆ ಬೇಡ ಎಂದೇ ತಿಳಿಯುವ ಅನಾಗರಿಕ ಪದ್ಧತಿ ಇರಬಹುದು. ನಮ್ಮಲ್ಲಿ ಮನೆಗೆ ಬಂದವರನ್ನು ಕಾಫಿ ಕುಡಿಯುತ್ತೀರಾ ಎಂದು ಮೂರು ಸಲ ಕೇಳಬೇಕು. ಮೊದಲ ಸಲಕ್ಕೆ ಬೇಡ, ಎರಡನೇ ಸಲಕ್ಕೆ ಸುಮ್ಮನೆ ತೊಂದರೆ ತಗೋಬೇಡಿ, ಮೂರನೇ ಸಲಕ್ಕೆ ಹಾಗಾದರೆ ಅರ್ಧ ಲೋಟ. ಆಮೇಲೆ ತುಂಬಿದ ಲೋಟವನ್ನೇ ಕೊಡಬೇಕು, ಅವರು ಪೂರ್ತಿ ಕುಡಿಯಬೇಕು. ಚರ್ಚಿನ ಕಾಫಿಕೂಟದಲ್ಲಿ ತಟ್ಟೆಯ ಕೊನೆಯ ಬಾರನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಒಬ್ಬರು ಅರ್ಧ ಕತ್ತರಿಸುತ್ತಾರೆ, ಮತ್ತೊಬ್ಬರು ಆ ಅರ್ಧದಲ್ಲಿ ಅರ್ಧ, ಕೊನೆಗೆ ಇರುವೆಗೂ ಸಾಲದಷ್ಟು ಉಳಿದದ್ದನ್ನು ಪಾದ್ರಿಗಳ ಹೆಂಡತಿ ತಟ್ಟೆ ಸಮೇತ ತೊಳೆಯುತ್ತಾರೆ. ಅತಿವಿನಯ ಧೂರ್ತ ಲಕ್ಷಣ ಅನ್ನುವವರುಂಟು, ಅವರು ನಮ್ಮ ಜಿಲ್ಲೆಗೆ ಬಂದಿಲ್ಲ.

ತಮ್ಮ ನಮೂನೆಯಲ್ಲಿ 'ಒಬ್ಬರೇ ಪ್ರಯಾಣಿಸಲು ಕಾರಣ' ಎಂಬ ಒಂದು ಅಂಕಣವಿತ್ತು. ಅಲ್ಲಿ ಜಾಗ ಸಾಲದೆ ಇಲ್ಲಿ ತುಂಬುತ್ತಿದ್ದೇನೆ. ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ, ಹಾಲು ಕರೆಯುವ ಯಂತ್ರ ಮಾರಲು ಷಿಕಾಗೋದಿಂದ ನಮ್ಮೂರಿಗೆ ಬರುತ್ತಿದ್ದ ಓರಿನ್ ಎಂಬುವನು, ಮದುವೆ ಆಗ್ತೀಯಾ ಎಂದು ನನ್ನನ್ನು ಕೇಳಿದ. "ಅಯ್ಯೋ, ನಾನ್ಯಾಕೆ, ನಿಂಗೆ ಇನ್ನೂ ಒಳ್ಳೇ ಹುಡುಗಿ ಸಿಕ್ತಾಳೆ" ಎಂದೆ. ಸಿಕ್ಕಳು. ಎರಡನೇ ಸಲ ಕೇಳುತ್ತಾನೆಂದು ನಾನು ಎರಡು ಚಳಿಗಾಲ ಕಾದಿದ್ದೆ. ಬಹಳ ನೋವಾಯಿತು, ಇವತ್ತಿಗೂ ಆಗುತ್ತದೆ. ತಮ್ಮ ಅಂಕಣದಲ್ಲಿ 'ಇತರೆ' ಎಂದು ಗುರುತು ಹಾಕಿದ್ದೇನೆ.

ಹಡಗಿನಲ್ಲಿ ನನಗೆ ದೊರೆತ ಕೋಣೆ ಅತ್ಯುತ್ತಮವಾಗಿತ್ತು. ದೀಪ ಆರಿಸಿದರೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲವಾದ್ದರಿಂದ ವಯಸ್ಸಾದದ್ದೂ ಕಾಣುತ್ತಿರಲಿಲ್ಲ. ಹೊರಗೆ ಬೆಳಗಾಯಿತೇ ಎಂದು ತಿಳಿಯಲು ತಾವು ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ಚಿತ್ರ ಒದಗಿಸಿದ್ದೀರಿ. ಎರಡು ಸಾವಿರ ಮೈಲಿ ಬಂದು ಸಮುದ್ರವನ್ನು ಟಿವಿಯಲ್ಲಿ ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಮೊದಲ ದಿನದ ಊಟಕ್ಕೆ ನನ್ನ ಎದುರು ಕೂತವರು ಹ್ಯೂಸ್ಟನ್ನಿನ ಡ್ವೇನ್ ಎಂಬ, ನನ್ನಂತೆಯೇ ಒಬ್ಬರೇ ಬಂದ ದೊಡ್ಡ ಹೊಟ್ಟೆಯ ಮನುಷ್ಯ. "ನಾನು ಕೇಳೂ ಇರ್ಲಿಲ್ಲ, ಅವ್ರೇ ಫೋನ್ ಮಾಡಿ ೮೧೧೬ ಕೊಟ್ರು. ಹ್ಞೂಂ ಅಂದ್ಬಿಟ್ಟೆ. ಆದ್ರೆ ನಂಗೆ ನೀರು ನೋಡಿದ್ರೆ ತಲೆ ತಿರುಗುತ್ತೆ, ಪರದೆ ಎಳ್ಕೊಂಡೇ ಇರ್ತೀನಿ. ಚಡ್ಡಿ ಒಣಗಿಸೋಕೆ ಚೆನ್ನಾಗಿದೆ ಬಾಲ್ಕನಿ" ಎಂದರು. ನಾನು ಮುಳ್ಳುಚಮಚ ಕೆಳಗಿಟ್ಟೆ. ಅವರು ನನ್ನ ಮುಖ ನೋಡಿ, "ಯಾಕೆ, ನಿಮ್ಗೆ ಬೇಕಿತ್ತಾ? ಬದಲಾಯಿಸ್ಕೊಳ್ಳೋಣ್ವಾ?" ಎಂದು ಕೇಳಿಯೂಬಿಟ್ಟರು. ಮಾನ್ಯರೇ, ಆಗ ನನ್ನ ಬಾಯಿ ನನ್ನನ್ನು ಕೇಳದೆಯೇ "ಛೆ ಛೆ, ನಂಗೆ ಒಳಗಿನ ರೂಮೇ ಸಾಕಪ್ಪಾ" ಎಂದಿತು. "ಹಾಗಾದ್ರೆ ಸರಿ" ಎಂದು ಅವರು ಸಿಗಡಿ ತಿನ್ನಲು ಶುರುಮಾಡಿದರು.

ಎರಡು ದಿನ ನಾನು ಟಿವಿಯ ಸಮುದ್ರ ನೋಡುತ್ತ ನನ್ನನ್ನೇ ಬೈದುಕೊಂಡೆ. ಮೂರನೇ ದಿನ ತಿಂಡಿಯ ಹೊತ್ತಿಗೆ ಎದ್ದು ಹೋಗಿ, ಡ್ವೇನ್ ಅವರ ಮೇಜಿನ ಎದುರು ನಿಂತು, ಅರವತ್ತಾರು ವರ್ಷದಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿದೆ: "ನಂಗೆ ನಿಮ್ಮ ರೂಮ್ ಬೇಕು." ಸುತ್ತಲಿನ ಮೇಜಿನವರು ತಿರುಗಿ ನೋಡಿದರು. "ಅಷ್ಟೇನಾ ತಾಯಿ? ಅವತ್ತೇ ಹೇಳ್ಬಾರ್ದಿತ್ತಾ?" ಎಂದರು ಡ್ವೇನ್. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ತಮ್ಮ ಸ್ವಾಗತಕಾರರು ಕೋಣೆ ಬದಲಾವಣೆ ನಿಯಮಬಾಹಿರ ಎಂದು ನಗುನಗುತ್ತ ತಿಳಿಸಿದರು. ನಾವಿಬ್ಬರೂ ಅವರಿಗೆ ಕೃತಜ್ಞತೆ ಸಲ್ಲಿಸಿ, ಲಿಫ್ಟಿನೊಳಗೆ ಕೀಲಿ ಬದಲಾಯಿಸಿಕೊಂಡೆವು. ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಎದುರಿಗೆ ನೀರಿತ್ತು, ಅಲುಗಾಡುತ್ತಿತ್ತು. ನಾನು ಅತ್ತೆ. ಇದನ್ನು ದೂರಿನ ಪತ್ರದಲ್ಲಿ ಬರೆಯಬಾರದು, ಆದರೂ ಬರೆದಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹಗಳು: ತಮ್ಮ ಕಂಪ್ಯೂಟರು ಇನ್ನು ಮುಂದೆ ಯಾರಾದರೂ ಬೇಡ ಎಂದು ಒತ್ತಿದರೆ "ನಿಜವಾಗ್ಲೂ?" ಎಂದೂ, ಮತ್ತೆ ಬೇಡ ಎಂದರೆ "ಸಂಕೋಚ ಮಾಡ್ಕೋಬೇಡಿ" ಎಂದೂ ಕೇಳುವಂತೆ ಮಾಡಬೇಕು. ಬ್ರೈಸ್ ಅವರನ್ನು ಒಂದು ಚಳಿಗಾಲದ ಮಟ್ಟಿಗೆ ನಮ್ಮ ಚರ್ಚಿನ ಕಾಫಿಕೂಟಕ್ಕೆ ತರಬೇತಿಗೆ ಕಳಿಸಿಕೊಡಬೇಕು. ಊಟ, ಹಾಸಿಗೆ, ಉಣ್ಣೆಯ ಟೋಪಿ ನನ್ನದು. ಎಲ್ಲಕ್ಕಿಂತ ತುರ್ತಾದದ್ದು ಜೀವರಕ್ಷಕ ದೋಣಿಗಳ ವಿಷಯ. ಹಡಗು ಮುಳುಗುವಾಗ ತಮ್ಮವರು "ದೋಣಿ ಹತ್ತಿ" ಎಂದು ಒಂದೇ ಸಲ ಕೂಗುವರೆಂದು ಮೊದಲ ದಿನದ ಕವಾಯತಿನಲ್ಲಿ ತಿಳಿಯಿತು. ಹಾಗಾದರೆ ನಮ್ಮ ಜಿಲ್ಲೆಯವರೆಲ್ಲ "ಇಲ್ಲ ಇಲ್ಲ, ನೀವು ಮೊದ್ಲು" ಎನ್ನುತ್ತ ಕಂಬಿ ಹಿಡಿದುಕೊಂಡೇ ನೀರುಪಾಲಾಗುತ್ತೇವೆ. ಮೂರು ಸಲ ಕೂಗಿಸಬೇಕಾಗಿ ಪ್ರಾರ್ಥನೆ.

ಎರಡನೇ ಸಲ ಕೇಳುವಿರೆಂದು ಇನ್ನೂ ಕಾದಿರುವ,
ತಮ್ಮ ವಿಶ್ವಾಸಿ,
ಆರ್ಡಿಸ್ ಟ್ವೇಟ್

ಮರೆತ ಮಾತು: ಕೊನೆಯ ದಿನ ಬೆಳಿಗ್ಗೆ ತಮ್ಮ ಸಿಬ್ಬಂದಿಯಲ್ಲೊಬ್ಬರು ೮೧೧೬ಕ್ಕೆ ಬಂದಿದ್ದರು. ಏಳು ತಿಂಗಳಿಂದ ಹಡಗಿನಲ್ಲಿದ್ದಾರಂತೆ, ಮಲಗುವುದು ನೀರಿನ ಮಟ್ಟಕ್ಕಿಂತ ಕೆಳಗಂತೆ, ಅಲ್ಲಿ ಕಿಟಕಿ ಇಲ್ಲವಂತೆ. ಬಾಲ್ಕನಿಯ ಇನ್ನೊಂದು ಕುರ್ಚಿ ತೋರಿಸಿ "ಒಂದ್ನಿಮಿಷ ಕೂತ್ಕೊಳ್ಳಿ" ಎಂದೆ. "ಅಯ್ಯೋ ಬೇಡಿ ಮೇಡಂ" ಎಂದರು. ಮತ್ತೆ ಕೇಳಿದೆ. "ಕೆಲ್ಸ ಇದೆ ಮೇಡಂ, ಪರ್ವಾಗಿಲ್ಲ" ಎಂದರು. ಮೂರನೇ ಸಲ ಕೇಳಿದೆ. ಕೂತರು. ನನ್ನ ಕಾಫಿಯನ್ನು ಅವರ ಕೈಗೆ ಕೊಟ್ಟೆ, ಇಬ್ಬರೂ ನೀರು ನೋಡಿದೆವು. ಪ್ರಯಾಣಿಕರ ಕೋಣೆಯಲ್ಲಿ ಕೂರುವುದು ಅವರಿಗೆ ನಿಷಿದ್ಧವೆಂದೂ, ಅವರು ಯಾರೆಂದು ವಿಚಾರಿಸಲು ತಾವು ನನಗೆ ಫೋನ್ ಮಾಡುವಿರೆಂದೂ ಬಲ್ಲೆ. ಅವಶ್ಯವಾಗಿ ಮಾಡಿ, ಎಷ್ಟು ಸಲ ಬೇಕಾದರೂ ಕೇಳಿ. ಆದರೆ ಇದೊಂದು ವಿಷಯದಲ್ಲಿ ನಾನು ಇಲ್ಲ ಎಂದರೆ, ಮೊದಲ ಸಲಕ್ಕೇ ಇಲ್ಲ.