ಮೂರನೇ ಸಲ ಕೇಳಲಿ ಅಂತ ಕಾದವಳು

ನಮ್ಮ ಬೆಳಗೋಡು ಕಡೆ ಇವತ್ತಿಗೂ ದಿನಕ್ಕೊಬ್ಬರಾದರೂ ಮರ್ಯಾದೆಗೋಸ್ಕರ ಹಸಿದುಕೊಂಡೇ ಬಸ್ಸು ಹತ್ತುತ್ತಾರೆ. ನಾನು ಆ ಬಸ್ಸಿನ ಕಂಡಕ್ಟರ್. ಸೀಟು ಖಾಲಿ ಇದೆ, ಕೂತ್ಕೊಳ್ಳಿ ಅಂದರೆ ಬೇಡ ಬೇಡ ಅನ್ನುತ್ತಾರೆ. ಇನ್ನೊಂದು ಸಲ ಹೇಳಲಿ ಅಂತ ಕಾಯುತ್ತಾ ಆಲೂರಿನವರೆಗೂ ಕಂಬಿ ಹಿಡಿದು ನಿಂತೇ ಬರುತ್ತಾರೆ. ಅವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ಎಂಟು ವರ್ಷದ ನಾನು ಎಲ್ಲಾದರೂ ಎದುರಿಗೆ ಸಿಕ್ಕರೆ, ಎರಡೂ ಜಡೆ ಹಿಡಿದು ಜಗ್ಗಿ ಬುದ್ಧಿ ಹೇಳಬೇಕು ಅಂತಿದ್ದೇನೆ. ಅಂಥ ಪೆದ್ದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಡುಬು

ಅವ್ವನ ಕಾನೂನು ಹೀಗಿತ್ತು. ಯಾರ ಮನೆಗೆ ಹೋದರೂ, ತಿನ್ನಲು ಕೊಟ್ಟರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ, ಈಗ ತಾನೇ ತಿಂದು ಬಂದೆ ಅನ್ನಬೇಕು. ಮೂರನೇ ಸಲ ಕೇಳಿದರೆ, ಅದೂ ಅವ್ವನ ಮುಖ ನೋಡಿಕೊಂಡು, ಕೈ ಚಾಚಬಹುದು. ಮೊದಲ ಸಲಕ್ಕೇ ಚಾಚಿದರೆ ತೊಡೆ ಚಿವುಟುತ್ತಿದ್ದಳು.

ಇದು ಊರಿಗೆಲ್ಲ ಗೊತ್ತಿದ್ದ ಪದ್ಧತಿ. ಪಕ್ಕದ ಮನೆಯ ಅಜ್ಜಿ ಮೂರು ಸಲ ಕೇಳಿದ ಮೇಲೆಯೇ ಕಡುಬಿನ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ನಾನು ಒಂದೊಂದೇ ಮೆಟ್ಟಿಲು ಹತ್ತುವವಳ ಹಾಗೆ ಸರದಿ ಪ್ರಕಾರ ಉತ್ತರ ಕೊಡುತ್ತಿದ್ದೆ. ನನ್ನ ತಮ್ಮ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ, "ಬ್ಯಾಡ ಅಜ್ಜಿ, ಈಗ್ತಾನೆ ತಿಂದೆ, ಎಲ್ಡು ಕೊಡಿ" ಅಂದುಬಿಡುತ್ತಿದ್ದ.

ಅವನಿಗೆ ತಲೆ ಇತ್ತು. ನನಗೆ ಮರ್ಯಾದೆ ಇತ್ತು.

ಒಬ್ಬಟ್ಟು

ದೋಣಿಗಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಅಪ್ಪನ ಸ್ನೇಹಿತರು. ಗಂಡ ಹೆಂಡತಿ ಇಬ್ಬರೂ ಬಯಲುಸೀಮೆ ಕಡೆಯಿಂದ ಬಂದವರು. ಅಪ್ಪನ ಜೊತೆ ಒಂದು ದಿನ ಅವರ ಮನೆಗೆ ಹೋದೆ. ಆಕೆ ತುಪ್ಪ ಹಾಕಿದ ಒಬ್ಬಟ್ಟು ತಂದು, ತಿಂತೀಯಾ ಮರಿ ಅಂದರು. ಬೇಡ ಅಂದೆ. ಸರಿ ಅಂತ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು.

ಈಗ ಬರುತ್ತಾರೆ, ಆಗ ಬರುತ್ತಾರೆ ಅಂತ ಅಡುಗೆಮನೆ ಬಾಗಿಲನ್ನೇ ನೋಡಿದೆ. ಆ ಮನೆಯಲ್ಲಿ ಒಂದೇ ಸಲ ಕೇಳುವ ರೂಢಿ ಅಂತ ನನಗೇನು ಗೊತ್ತು? ಹೊರಡುವ ಹೊತ್ತಾಯಿತು. ತಡೆಯಲಾರದೆ, ಯಾರೂ ಕೇಳದಿದ್ದರೂ, "ಈಗ್ತಾನೆ ತಿಂದು ಬಂದೆ" ಅಂದೆ. ಮೂರನೆಯದಕ್ಕೆ ದಾರಿಯಾಗಲಿ ಅಂತ.

"ಗೊತ್ತಾಯ್ತು ಮರಿ, ಅದಕ್ಕೇ ಬಲವಂತ ಮಾಡ್ಲಿಲ್ಲ" ಅಂದರು ಆಕೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಘಾಟಿಯ ತಿರುವಿಗೆ ಹೊಟ್ಟೆ ತೊಳೆಸುತ್ತಿರಬೇಕು ಅಂತ ಅಪ್ಪ ಸಕಲೇಶಪುರ ಬರುವವರೆಗೂ ನನ್ನ ಮೂಗಿಗೆ ನಿಂಬೆಹಣ್ಣು ಹಿಡಿದರು.

ಓಟ

ಏಳನೇ ಕ್ಲಾಸಿನಲ್ಲಿ ನನ್ನಷ್ಟು ಜೋರಾಗಿ ಓಡುವವರು ಇರಲಿಲ್ಲ. ತಾಲ್ಲೂಕು ಮಟ್ಟದ ಓಟಕ್ಕೆ ಹೋಗುತ್ತೀಯಾ ಅಂತ ಮೇಷ್ಟ್ರು ಕೇಳಿದರು. ಬೇಡ ಸಾರ್ ಅಂದೆ, ನೆಲ ನೋಡಿಕೊಂಡು, ಚೆನ್ನಾಗಿ ಬೆಳೆಸಿದ ಹುಡುಗಿ ಅನ್ನಿಸಿಕೊಳ್ಳುವ ಹಾಗೆ. ಮೇಷ್ಟ್ರಿಗೆ ಇನ್ನೂ ನಲವತ್ತು ಮಕ್ಕಳನ್ನು ವಿಚಾರಿಸಬೇಕಿತ್ತು. ದಿನಾ ನನ್ನ ಹಿಂದೆ ಓಡುತ್ತಿದ್ದ ಗೆಳತಿಯನ್ನು ಕೇಳಿದರು. ಅವಳು ಹೂಂ ಅಂದಳು, ಹೋದಳು, ಸ್ಟೀಲ್ ಲೋಟ ಗೆದ್ದುಕೊಂಡು ಬಂದಳು.

ಆಮೇಲೆ ಒಂದು ದಿನ ಅವಳ ಮನೆಗೆ ಹೋದಾಗ ಅದೇ ಲೋಟದಲ್ಲಿ ಮಜ್ಜಿಗೆ ತಂದು ಕೊಟ್ಟಳು. ಬೇಡ ಅಂದೆ. ಮರ್ಯಾದೆಗೆ ಅಲ್ಲ, ಹೊಟ್ಟೆಕಿಚ್ಚಿಗೆ. ಅವಳು ಪಾಪ, ಮೂರು ಸಲ ಕೇಳಿದಳು.

ಕೇಸರಿಬಾತ್

ಕಂಡಕ್ಟರ್ ಕೆಲಸದ ಆರ್ಡರ್ ಬಂದ ವಾರವೇ ಆಲೂರು ಕಡೆಯವರು ನನ್ನನ್ನು ನೋಡಲು ಬಂದರು. ಸೋಮವಾರ ನಾನು ಹಾಸನಕ್ಕೆ ಹೋಗಿ ಕೆಲಸಕ್ಕೆ ಸೇರಬೇಕಿತ್ತು. ಹುಡುಗನ ತಾಯಿ ಕೂತ ತಕ್ಷಣ, ನಮ್ಮ ಸೊಸೆ ಬಸ್ಸಲ್ಲಿ ಸೀಟಿ ಊದುವುದು ಬೇಡ ಅಂದರು. ಹುಡುಗ ತಲೆ ಆಡಿಸಿದ. ಅವನು ಬಂದಾಗಿನಿಂದ ಮಾಡಿದ ಕೆಲಸ ಅದೊಂದೇ.

ಅವ್ವ ಅಡುಗೆಮನೆಗೆ ಬಂದು ಒಪ್ಪಿಗೆಯೇನೇ ಅಂದಳು. ಬೇಡ ಅಂದೆ. ಮತ್ತೆ ಕೇಳಿದಳು. ಬೇಡ ಅಂದೆ. ಮೂರನೇ ಸಲಕ್ಕೆ ಅವಳ ಕೈ ಹಿಡಿದುಕೊಂಡು, "ನಿಜವಾಗ್ಲೂ ಬ್ಯಾಡ ಕಣವ್ವ, ನಂಗೆ ಕೆಲ್ಸ ಐತೆ" ಅಂದೆ.

ಅವ್ವನ ಮುಖ ಅರಳಿತು. ಮೂರು ಸಲ ಕೇಳಿದರೂ ಬಾಯಿ ಬಿಡದ ಮಗಳನ್ನು ಹೆತ್ತೆನಲ್ಲ ಅಂತ ಹೆಮ್ಮೆಯಿಂದ ಹೊರಗೆ ಹೋಗಿ, ಹುಡುಗಿಗೆ ಒಪ್ಪಿಗೆ ಅಂದುಬಿಟ್ಟಳು. ನನ್ನ ಜನ್ಮದಲ್ಲಿ ಅಷ್ಟು ಮನಸ್ಸಿನಿಂದ ಹೇಳಿದ ಬೇಡ ಅದೊಂದೇ, ಅದನ್ನು ನಂಬುವವರೇ ಇಲ್ಲ. ಆಗಲೇ ಎಲೆ ಅಡಿಕೆ ತಟ್ಟೆ ಹೊರಗೆ ಬಂತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕೇಸರಿಬಾತ್ ತಟ್ಟೆಗಳನ್ನು ಹಿಡಿದು ಹಜಾರಕ್ಕೆ ಹೋದೆ. ಬೀಗರು ಬೇಡ ಅಂದರು, ಮೊದಲ ಸಲದ ಬೇಡ. ಹುಡುಗನ ತಾಯಿ ಶಾಸ್ತ್ರಕ್ಕೆ ನನ್ನನ್ನೂ ಕೇಳಿದರು.

"ಏನವ್ವ, ನಮ್ ಹುಡ್ಗ ಒಪ್ಗೇನಾ?"

ಎಲ್ಲರೂ ನಾನು ತಲೆ ತಗ್ಗಿಸುವುದನ್ನೇ ಕಾಯುತ್ತಿದ್ದರು.

"ಬೇಕು" ಅಂದೆ. "ಇವತ್ತೇ ಬೇಕು. ಬಟ್ಟೆ ತುಂಬ್ಕೊಂಡು ಬರ್ಲಾ?"

ಹುಡುಗ ಮೊದಲ ಸಲ ಬಾಯಿ ಬಿಟ್ಟ, ಅಮ್ಮಾ ಅಂದ. ಆಕೆ ಸೆರಗು ಸರಿಮಾಡಿಕೊಂಡು ಎದ್ದರು. ಹುಡುಗಿ ಬಾಳ ಜೋರು ಅಂತ ಅಂಗಳದಲ್ಲೇ ಹೇಳಿಕೊಂಡು ಬಸ್ಸಿಗೆ ನಡೆದರು. ಕೇಸರಿಬಾತ್ ಹಾಗೇ ಉಳಿಯಿತು, ಎರಡನೇ ಸಲ ಕೇಳುವಷ್ಟು ಹೊತ್ತು ಅವರು ಕೂರಲಿಲ್ಲವಲ್ಲ.

ಅವ್ವ ಸಿಟ್ಟಿನಲ್ಲಿ ತಟ್ಟೆಗಳನ್ನು ನನ್ನ ಕಡೆ ತಳ್ಳಿ, ಮಾನ ಕಳೆದದ್ದಾಯಿತಲ್ಲ, ಇದನ್ನೂ ನೀನೇ ತಿನ್ನು ಅಂದಳು.

ಮೊದಲ ಸಲಕ್ಕೇ ಕೈ ಚಾಚಿದೆ. ನಾಲ್ಕು ತಟ್ಟೆಯದನ್ನೂ ತಿಂದೆ. ಸೋಮವಾರ ಬೆಳಗೋಡಿನಲ್ಲಿ ಹಾಸನದ ಬಸ್ಸು ಹತ್ತಿದಾಗ ಕಂಡಕ್ಟರು ಸೀಟು ಇದೆ ಅಂದರು. ಅವರ ಮಾತು ಮುಗಿಯುವಷ್ಟರಲ್ಲಿ ಕೂತಿದ್ದೆ.